ಜಲಗಾರ

ಕನಕಪುರದಲ್ಲಿ ಕನಕವಿಲ್ಲ, ರೇಷ್ಮೆಯುಂಟು, ಕಲ್ಲುಂಟು. ಸಂಗಮದಾಚೆ ಕಾವೇರಿ ತಮಿಳುನಾಡಿನ ಗಡಿಯಾಗುವಲ್ಲಿಯೂ ಮರಳು ಬರಿಯ ಮರಳೇ. ಹೀಗೆಂದು ತರಗತಿಯನ್ನು ನಗಿಸಿ ಕುವೆಂಪು ಅವರ 1928ರ ‘ಜಲಗಾರ’ ನಾಟಕಕ್ಕೆ ಬಂದೆ. ಜಲಗಾರನೆಂದರೆ ಕಸಗುಡಿಸುವವನಷ್ಟೇ ಅಲ್ಲ, ಮರಳು ತೊಳೆದು ಚಿನ್ನ ಹೆಕ್ಕುವವನೂ ಹೌದು. ಗದಗಿನ ಕಪ್ಪತಗುಡ್ಡದ ಹಳ್ಳಗಳಿಗೆ ಮಳೆ ಬಂದುಹೋದ ಮೇಲೆ ಮರಿಗೆ ಹೊತ್ತು ಇಳಿಯುತ್ತಿದ್ದರು. “ಈಗ ಅಂಥವರಿಲ್ಲ” ಎಂದುಬಿಟ್ಟೆ. ಮೇಷ್ಟರ ಬಾಯಿಗೆ ಬೀಗವೆಲ್ಲಿ!

ಹಿಂದಿನ ಬೆಂಚಿನಿಂದ ಒಬ್ಬ ಎದ್ದ: “ಇದಾರೆ ಸಾರ್. ನಮ್ಮವ್ವ ಚಿನ್ನದಂಗಡಿ ಮುಂದಿನ ಚರಂಡಿ ಮಣ್ಣು ತೊಳೀತಾಳೆ.” ತರಗತಿ ನಕ್ಕಿತು. ಗದರಬೇಕಾದ ನಾನು ಪುಟ ತಿರುವಿದೆ.

ಸಂಜೆ ಪೇಟೆಯಲ್ಲಿ ಆಕೆಯನ್ನು ಕಂಡೆ. ಮಗ ಪಕ್ಕದಲ್ಲೇ ನೀರು ಹೊಯ್ಯುತ್ತಿದ್ದ. ಬಾಣಲೆಯ ತಳದ ಕರಿಮಣ್ಣಿನಲ್ಲಿ ಎಳ್ಳಿಗಿಂತ ಸಣ್ಣದೊಂದು ಹಳದಿ ಚುಕ್ಕೆ.

“ಇವನ ಮೇಷ್ಟ್ರಲ್ವಾ ಸ್ವಾಮಿ? ಚೆನ್ನಾಗಿ ಓದ್ತಾನಾ?”

“ಓದುತ್ತಾನಮ್ಮ” ಎಂದೆ. ಅವನ ಹೆಸರು ನನಗೆ ಗೊತ್ತಿರಲಿಲ್ಲ.