ಚಿಕ್ಕಮ್ಮನ ಬಿಪಿ ಚೀಟಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿರುವ ಕಡೆ ಎರಡು ವರ್ಷದ ಹಿಂದೆ ಒಂದು ಉಚಿತ ಆರೋಗ್ಯ ಶಿಬಿರ ನಡೆಯಿತು. ನಾವು ಹರಿಹರದಿಂದ ಹೋಗಿ ಫೋಟೊ ತೆಗೆದು, ಎಷ್ಟು ಮಂದಿಗೆ ತಪಾಸಣೆ ಆಯಿತೆಂದು ಬರೆದುಕೊಂಡು, ಮಧ್ಯಾಹ್ನಕ್ಕೆಲ್ಲ ಸುದ್ದಿ ಕಳಿಸಿದೆವು. ಮರುದಿನ ಒಳಪುಟದಲ್ಲಿ ಬಂತು. ಫೋಟೊದಲ್ಲಿ ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಕೂತಿದ್ದವರು ನಮ್ಮ ಚಿಕ್ಕಮ್ಮನೇ. ಆ ಕಟಿಂಗನ್ನು ಅವರು ದೇವರ ಪಟದ ಪಕ್ಕ ಸಿಕ್ಕಿಸಿಟ್ಟಿದ್ದರು. ಅದರ ಹಿಂದೆಯೇ ಶಿಬಿರದವರು ಕೊಟ್ಟ ಚೀಟಿ ಇತ್ತು. 170/100 ಅಂತ ಬರೆದಿತ್ತು. ಆ ಚೀಟಿಯನ್ನು ನಾವು ನೋಡಿದ್ದು ಅವರಿಗೆ ಲಕ್ವ ಹೊಡೆದ ಮೇಲೆ.

140/90 ದಾಟಿದರೆ ಬಿಪಿ ಅನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ನೂರಕ್ಕೆ 21, ಗಂಡಸರಲ್ಲಿ ನೂರಕ್ಕೆ 24 ಮಂದಿಗೆ ಇದು ಇದೆ. ನೋವಿಲ್ಲ, ಜ್ವರವಿಲ್ಲ, ಬಹಳ ಮಂದಿಗೆ ಇರುವುದೇ ಗೊತ್ತಾಗುವುದಿಲ್ಲ. ಗುಳಿಗೆಯೇನು ದುಬಾರಿಯಲ್ಲ. ಅಮ್ಲೋಡಿಪಿನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ.

ಹಾಗಿದ್ದರೆ ಚಿಕ್ಕಮ್ಮ ಯಾಕೆ ತಗೊಳ್ಳಲಿಲ್ಲ? ನಾವು ಸಿಟ್ಟಿನಿಂದಲೇ ಕೇಳಿದೆವು. ಆಗ ಅವರ ಮಾತು ತೊದಲುತ್ತಿತ್ತು.

"ಹತ್ತು ದಿನದ್ದು ಕೊಟ್ಟಿದ್ರಪ್ಪಾ, ನುಂಗ್ದೆ. ಮುಗೀತು. ಮತ್ತೆ ಬೇಕಂದ್ರೆ ದೊಡ್ಡಾಸ್ಪತ್ರೆಗೆ ಬೆಳಿಗ್ಗೆ ಹೋಗಿ ಪಾಳಿ ನಿಲ್ಬೇಕು. ಬಸ್ಸು ಪುಕ್ಕಟೆ ಮಾಡ್ಯಾರ, ಖರೇ. ಆವತ್ತಿನ ಕೂಲಿ ಯಾರು ಕೊಡ್ತಾರೆ?"

ಭಟ್ಟಿ ಕೆಲಸ ನೋಡದವರಿಗೆ ಈ ಮಾತು ನೆಪ ಅನ್ನಿಸಬಹುದು. ನಸುಕಿನಲ್ಲೇ ಒಲೆ ಹೊತ್ತುತ್ತದೆ. ಉಪ್ಪುನೀರು ಬೆರೆಸಿದ ಅಕ್ಕಿಯನ್ನು ಕಾದ ಮರಳಲ್ಲಿ ಹುರಿಯಬೇಕು, ಜರಡಿ ಹಿಡಿಯಬೇಕು, ಚೀಲ ತುಂಬಬೇಕು. ಚಿಕ್ಕಮ್ಮನಿಗೆ ಚೀಲದ ಲೆಕ್ಕದ ಕೂಲಿ. ಆಸ್ಪತ್ರೆಯ ಹೊರರೋಗಿ ಚೀಟಿ ಬರೆಯುವ ಹೊತ್ತೂ ಭಟ್ಟಿ ಉರಿಯುವ ಹೊತ್ತೂ ಒಂದೇ. ಶಿಬಿರದ ಡಾಕ್ಟರು "ಉಪ್ಪು ಕಡಿಮೆ ಮಾಡಿ, ದಿನಾ ವಾಕಿಂಗ್ ಮಾಡಿ" ಅಂದಿದ್ದರಂತೆ. ಇಡೀ ದಿನ ನಿಂತೇ ಇರುವ ಹೆಂಗಸು ಇನ್ನೆಲ್ಲಿ ವಾಕಿಂಗ್ ಮಾಡಬೇಕು? ಉಪ್ಪಿನ ಮಾತು ಸರಿ. ದಿನಕ್ಕೆ 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಆದರೆ ಮಧ್ಯಾಹ್ನದ ಊಟವೇ ಮಂಡಕ್ಕಿ, ಮೆಣಸಿನಕಾಯಿ ಆಗಿರುವವರ ಮನೆಯಲ್ಲಿ ಅದನ್ನು ಅಳೆಯುವವರ್ಯಾರು?

ನಮ್ಮ ಹರಿಹರದ ಮನೆಯ ಎದುರಿಗಿರುವ ಕಾಕಾಗೂ ಬಿಪಿ ಇದೆ. ಕಾರ್ಖಾನೆಯಲ್ಲಿ ಕಾಯಂ ನೌಕರರು. ಇಎಸ್‌ಐ ಕಾರ್ಡ್ ಇದೆ, ಮಗ ತಂದುಕೊಟ್ಟ ಬಿಪಿ ಮಿಷನ್ ಇದೆ. ಕಾಯಿಲೆ ಬಿದ್ದು ರಜೆ ಹಾಕಿದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ನೂರಕ್ಕೆ 70ರಷ್ಟು ಇಎಸ್‌ಐನಿಂದ ಬರುತ್ತದೆ. ಆದರೆ ಅದು ಸಾಮಾನ್ಯವಾಗಿ 10 ಮಂದಿ ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆಗಷ್ಟೇ ಕಡ್ಡಾಯ. ಚಿಕ್ಕಮ್ಮನ ಭಟ್ಟಿಯಲ್ಲಿ ಇದ್ದದ್ದು ಆರು ಮಂದಿ. (ಸುದ್ದಿ ಲೆಕ್ಕದಲ್ಲಿ ದುಡ್ಡು ಪಡೆಯುವ ನಮಗೂ ಆ ಕಾರ್ಡ್ ಇಲ್ಲ, ಅದು ಬೇರೆ ಕತೆ.)

2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಒಳ್ಳೆಯ ಯೋಜನೆ ಅಂತಲೇ ನಮ್ಮ ಅಭಿಪ್ರಾಯ. ಆದರೆ ಹಗಲು ಹನ್ನೊಂದಕ್ಕೆ ಬಂದರೆ ಭಟ್ಟಿ ಕೆಲಸದವರ ಮನೆಗೆ ಬೀಗ. ಸಂಜೆ ಆರರ ಮೇಲೆ, ಇಲ್ಲವೇ ಭಟ್ಟಿಯ ಹತ್ತಿರವೇ ಬಂದು ನೋಡಿದರೆ ಎಷ್ಟೋ ಮಂದಿ ಸಿಗುತ್ತಾರೆ. ನಿಮ್ಮೂರಲ್ಲೂ ಕೂಲಿಗೆ ಹೋಗುವವರಿದ್ದರೆ ಆಶಾ ಅಕ್ಕನಿಗೆ ಹೊತ್ತು ಹೇಳಿಡಿ. ಒಂದು ತಿಂಗಳ ಗುಳಿಗೆ ಒಟ್ಟಿಗೆ ಕೊಡಿ ಅಂತ ಆಸ್ಪತ್ರೆಯಲ್ಲಿ ಕೇಳಿ.

ಚಿಕ್ಕಮ್ಮನ ಬಲಗೈ ಇನ್ನೂ ಸರಿಯಾಗಿ ಏಳುವುದಿಲ್ಲ. ಗುಳಿಗೆ ತರಲು ತಿಂಗಳಿಗೊಮ್ಮೆ ನಾವೇ ಹೋಗುತ್ತೇವೆ.

ಹೋದ ತಿಂಗಳು ಇನ್ನೊಂದು ಶಿಬಿರದ ಸುದ್ದಿಗೆ ಕರೆದರು. ಬಿಪಿ ಜಾಸ್ತಿ ಬಂದವರ ಪಟ್ಟಿ ಯಾರ ಹತ್ತಿರ ಇರುತ್ತದೆ ಅಂತ ಕೇಳಿದೆವು. ಸಂಘಟಕರು ಮುಖ ಮುಖ ನೋಡಿಕೊಂಡರು. "ಮೊದಲು ಫೋಟೊ ತೆಗೀರಿ ಸಾರ್, ಸಾಹೇಬ್ರು ಹೊರಡ್ತಾರೆ" ಅಂದರು. ತೆಗೆದೆವು. ಆಮೇಲೆ ಗೇಟಿನ ಹತ್ತಿರ ನಿಂತು, ಕೈಯಲ್ಲಿ ಚೀಟಿ ಹಿಡಿದು ಹೊರಟವರಲ್ಲಿ ಹನ್ನೊಂದು ಮಂದಿಯ ಫೋನ್ ನಂಬರ್ ಬರೆದುಕೊಂಡೆವು. ಅವರ ಗುಳಿಗೆ ಬರುವ ಗುರುವಾರ ಮುಗಿಯುತ್ತದೆ.