ನಮ್ಮ ನಾಯಿಯ ಸಾಧುತ್ವ

ನಾಯಿ ಸಾಕಿದವರ ನಾಲಗೆಯ ತುದಿಯಲ್ಲಿ ಸದಾ ಒಂದು ಮಾತುಂಟು: “ಹೆದರಬೇಡಿ, ಅದು ಏನೂ ಮಾಡುವುದಿಲ್ಲ.” ಈ ಅಭಯವಚನವನ್ನು ನಾವೂ ಎಷ್ಟೋ ಮಂದಿಗೆ ಕೊಟ್ಟವರೇ. ನಮ್ಮದು ಮುಧೋಳದ ತಳಿ. ಮಕ್ಕಳೊಡನೆ ಉರುಳಾಡಿ ಬೆಳೆದ ಪ್ರಾಣಿ. ಅದರ ಸಾಧುತ್ವದಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿರಲಿಲ್ಲ.

2024ರ ಡಿಸೆಂಬರಿನ ಒಂದು ಮುಂಜಾವಿನಲ್ಲಿ, ಬೀದಿ ನಿರ್ಜನವಾಗಿದೆಯೆಂದು ಸರಪಳಿಯನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದೆವು. ವೃತ್ತಪತ್ರಿಕೆ ಹಂಚುವ ತರುಣನು ತಿರುವಿನಲ್ಲಿ ಬೈಸಿಕಲ್ಲಿನ ಮೇಲೆ ಬಂದನು. “ಸ್ವಾಮೀ, ನಾಯಿ ಹಿಡ್ಕೊಳ್ಳಿ!” ಎಂದು ಕೂಗಿದನು. ನಾವು ನಗುತ್ತ, “ಏನೂ ಮಾಡೋದಿಲ್ಲ, ಬಾರಪ್ಪ” ಎಂದೆವು. ಮಾತು ಮುಗಿಯುವುದರೊಳಗೆ ಅವನ ಮೀನಖಂಡದಲ್ಲಿ ಹಲ್ಲುಗಳು ನಾಟಿದ್ದುವು. ಬಾಲವು ಆಗಲೂ ಆಡುತ್ತಲೇ ಇದ್ದಿತು! ಬಾಲವಾಡಿಸುವುದು ಸ್ನೇಹದ ಗುರುತಷ್ಟೇ ಅಲ್ಲ, ಉದ್ರೇಕದ ಗುರುತೂ ಆಗಬಹುದು. ಓಡುವುದನ್ನು ಕಂಡೊಡನೆ ಬೆನ್ನಟ್ಟುವುದು ಈ ಬೇಟೆಯ ತಳಿಗೆ ಹುಟ್ಟುಗುಣ. ನಾವು ಇದನ್ನು ಅರಿತುದು ಆಮೇಲೆ.

ನಲ್ಲಿಯ ಕೆಳಗೆ 15 ನಿಮಿಷ ಸಾಬೂನಿನಿಂದ ಗಾಯವನ್ನು ತೊಳೆದು ಆಸ್ಪತ್ರೆಗೆ ಕರೆದೊಯ್ದೆವು. ನಾಯಿಗೆ ಲಸಿಕೆ ಹಾಕಿಸಿದ ಚೀಟಿಯನ್ನು ತೋರಿಸಿದೆವು. ರೇಬೀಸ್ ತಲೆದೋರಿದ ಮೇಲೆ ಬದುಕಿಸುವ ಮದ್ದಿಲ್ಲ, ಚೀಟಿಯನ್ನು ನಂಬಿ ಕುಳಿತಿರಲಾಗದು ಎಂದು ವೈದ್ಯರು ಅಂದೇ ಚುಚ್ಚುಮದ್ದನ್ನು ಆರಂಭಿಸಿದರು. ಮುಂದೆ 3, 7, 14, 28ನೆಯ ದಿನಗಳಿಗೆ ಬರೆದುಕೊಟ್ಟರು. ನಾಯಿಯನ್ನು 10 ದಿನ ಕಣ್ಣಿಟ್ಟು ನೋಡಬೇಕೆಂದರು. ಖರ್ಚನ್ನೆಲ್ಲ ನಾವೇ ಕೊಟ್ಟೆವು. ಆದರೆ ಆ ಹತ್ತು ರಾತ್ರಿ ಅವನ ತಾಯಿ ಪಟ್ಟ ಸಂಕಟಕ್ಕೆ ಏನನ್ನು ಕೊಡುವುದು?

ಅವನು ಪೊಲೀಸರ ಬಳಿಗೆ ಹೋಗಲಿಲ್ಲ, ಹೋಗಬಹುದಾಗಿತ್ತು. ಸಾಕಿದ ಪ್ರಾಣಿಯ ವಿಷಯದಲ್ಲಿ ಇಂಥ ಅಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣವು 6 ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಅದೇ ವರ್ಷದ ಮಾರ್ಚಿಯಲ್ಲಿ ಕೇಂದ್ರ ಸರಕಾರವು ಉಗ್ರವೆನಿಸಿದ 23 ತಳಿಗಳನ್ನು ನಿಷೇಧಿಸಹೊರಟಿತು. ಏಪ್ರಿಲಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಗೊಳಿಸಿತು. ನಮ್ಮ ನಾಯಿಯ ತಳಿ ಆ ಪಟ್ಟಿಯಲ್ಲಿಯೇ ಇರಲಿಲ್ಲ. ಪಟ್ಟಿಗೆ ಸೇರಬೇಕಾಗಿದ್ದವರು ಸರಪಳಿಯನ್ನು ಕಳಚಿದ ನಾವು.

ಈಗ ಸರಪಳಿಯಿಲ್ಲದೆ ಅದನ್ನು ಹೊಸ್ತಿಲು ದಾಟಿಸುವುದಿಲ್ಲ. ಬೀದಿಗಿಳಿದರೆ ಬಾಯಿಗೆ ಕುಕ್ಕೆಯೂ ಉಂಟು. ಅದನ್ನು ಕಂಡು ನೆರೆಯ ಹಿರಿಯರೊಬ್ಬರು, “ಪಾಪ, ಮೂಕಪ್ರಾಣಿ” ಎಂದು ಮರುಗಿದರು. ಕಣದಲ್ಲಿ ತೆನೆ ತುಳಿಯುವ ಎತ್ತಿಗೆ ಕುಕ್ಕೆ ಕಟ್ಟುವುದನ್ನು ನೋಡಿ ಬೆಳೆದವರೇ ಅವರು!

ತರುಣನು ಇಂದಿಗೂ ನಮ್ಮ ಬೀದಿಗೆ ಪತ್ರಿಕೆ ತರುತ್ತಾನೆ. ನಮ್ಮನ್ನು ದೂರದಲ್ಲಿ ಕಂಡೊಡನೆ ಬೈಸಿಕಲ್ಲಿನಿಂದ ಇಳಿದು ನಿಲ್ಲುತ್ತಾನೆ. ನಾವು ಸರಪಳಿಯನ್ನು ಗಿಡ್ಡವಾಗಿ ಹಿಡಿದು, ಗೋಡೆಯ ಬದಿಗೆ ಸರಿದು, ಅವನು ದಾಟುವವರೆಗೆ ಮಾತಿಲ್ಲದೆ ನಿಂತಿರುತ್ತೇವೆ.