ಪ್ರತಿನಿಧಿಯ ವಿಚಾರ

ಕಾರ್ಯವು ಮುಗಿದು ಫಲವು ಕಣ್ಣೆದುರು ನಿಂತ ಮೇಲೆ ಬುದ್ಧಿ ಹೇಳುವುದು ಲೋಕದಲ್ಲಿ ಅತ್ಯಂತ ಸುಲಭವಾದ ಕೆಲಸವು. ಬಿತ್ತುವಾಗ ಮಳೆಯ ಮನಸ್ಸು ಯಾರಿಗೂ ತಿಳಿದಿರುವುದಿಲ್ಲ. ರಾಶಿಯಾದ ಮೇಲೆ ಮಾತ್ರ ಊರಿನವರೆಲ್ಲರೂ ಕೃಷಿಪಂಡಿತರಾಗುತ್ತಾರೆ. ಮನುಷ್ಯನ ಈ ಸ್ವಭಾವವನ್ನು ಪ್ರತ್ಯಕ್ಷವಾಗಿ ಕಾಣಬೇಕೆಂಬ ಅಪೇಕ್ಷೆಯುಳ್ಳ ವಾಚಕರು ಯಾವುದಾದರೊಂದು ಸಾಯಂಕಾಲ ಬೀದರ ಜಿಲ್ಲೆಯ ನಮ್ಮ ಬೇಮಳಖೇಡಕ್ಕೆ ದಯಮಾಡಿಸಿ, ತರುಣರು ಕ್ರಿಕೆಟ್ ಆಟದ ವಿಷಯವಾಗಿ ಮಾಡುವ ವಾದವನ್ನು ಕೇಳಬೇಕು.

ನಮ್ಮ ಸೀಮೆಗೆ ಬೆಂಗಳೂರಿಗಿಂತ ಹೈದರಾಬಾದವೇ ಸಮೀಪ. ನಮ್ಮ ಹಿರಿಯರು 1948ರ ವರೆಗೆ ನಿಜಾಮನ ಪ್ರಜೆಗಳಾಗಿದ್ದು, 1956ರಲ್ಲಿ ಮೈಸೂರು ರಾಜ್ಯದೊಡನೆ ಕೂಡಿದವರು. ಹೀಗಿದ್ದರೂ ನಮ್ಮ ತರುಣರ ಭಕ್ತಿಯೆಲ್ಲವೂ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಮೇಲೆಯೇ. 2008ರಿಂದ ಪ್ರತಿ ವರ್ಷವೂ ಕಪ್ಪಿಗಾಗಿ ಕಾದು, ಕಡೆಗೆ 2025ನೆಯ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬದವರನ್ನು 6 ಓಟಗಳಿಂದ ಸೋಲಿಸಿ ಅದನ್ನು ಪಡೆದ ತಂಡವದು. ಕಪ್ಪು ಬಂದಿತು, ಹಳೆಯ ವ್ಯಾಜ್ಯಗಳು ಮಾತ್ರ ಮುಗಿಯಲಿಲ್ಲ. ಅವುಗಳಲ್ಲಿ ಮುಖ್ಯವಾದುದು ಡಿ ಕಾಕನ ವ್ಯಾಜ್ಯವು.

ನಮ್ಮ ನೆರೆಯ ಕಲ್ಯಾಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಗ್ರಂಥವನ್ನು ರಚಿಸಿದ ವಿಜ್ಞಾನೇಶ್ವರನು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ದೂರು, ಉತ್ತರ, ಪ್ರಮಾಣ, ನಿರ್ಣಯ. ನಮ್ಮ ತರುಣರು ದೂರಿನಿಂದ ನೇರವಾಗಿ ನಿರ್ಣಯಕ್ಕೆ ಹಾರುವವರು. ಆದಕಾರಣ ನಾವು ಮಧ್ಯಸ್ಥರಾಗಿ ನಾಲ್ಕು ಪಾದಗಳನ್ನೂ ಕ್ರಮವಾಗಿ ಇಡಿಸಿದೆವು. ಮೂವತ್ತಕ್ಕೂ ಮಿಕ್ಕಿ ವರ್ಷ ಶಾಲೆಯಲ್ಲಿ ಗದ್ದಲವಡಗಿಸಿದ ಅಭ್ಯಾಸವು ಇಷ್ಟಕ್ಕಾದರೂ ಉಪಯೋಗವಾಯಿತು.

ದೂರು ಹೀಗಿತ್ತು. ದಕ್ಷಿಣ ಆಫ್ರಿಕೆಯ ಕ್ವಿಂಟನ್ ಡಿ ಕಾಕನೆಂಬ ವಿಕೆಟ್ ಕೀಪರನನ್ನು ಬೆಂಗಳೂರಿನವರು 2018ರ ಆರಂಭದಲ್ಲಿ ಹರಾಜಿನಲ್ಲಿ 2.8 ಕೋಟಿ ರೂಪಾಯಿಗಳಿಗೆ ಪಡೆದರು. ಆ ವರ್ಷ ಅವನು 8 ಪಂದ್ಯಗಳಲ್ಲಿ 201 ಓಟಗಳನ್ನು ಮಾಡಿದನು. ಅದೇ ವರ್ಷದ ಅಕ್ಟೋಬರದಲ್ಲಿ ಅವನನ್ನು ಅಷ್ಟೇ ಬೆಲೆಗೆ ಮುಂಬಯಿಯವರಿಗೆ ಬಿಟ್ಟುಕೊಟ್ಟರು. ಮುಂದೆ 2019ರಲ್ಲಿ ಅವನು ಮುಂಬಯಿಯ ಪರವಾಗಿ 16 ಪಂದ್ಯಗಳಲ್ಲಿ 529 ಓಟಗಳನ್ನು ಮಾಡಿದನು. ಮುಂಬಯಿಯವರು ಹೈದರಾಬಾದಿನಲ್ಲಿ ಚೆನ್ನೈಯವರನ್ನು ಒಂದೇ ಓಟದಿಂದ ಸೋಲಿಸಿ ಕಪ್ಪನ್ನು ಪಡೆದರು. 2020ರಲ್ಲಿ ಅವನು 503 ಓಟಗಳನ್ನು ಮಾಡಿದನು. ಕಪ್ಪು ಪುನಃ ಮುಂಬಯಿಗೇ ಹೋಯಿತು. ಬೆಂಗಳೂರಿನವರೋ 2019ರ ಮೊದಲ ಆರು ಪಂದ್ಯಗಳನ್ನೂ ಸೋತು, ಎಂಟು ತಂಡಗಳಲ್ಲಿ ಎಂಟನೆಯವರಾಗಿ ನಿಂತರು.

"ನೋಡ್ರಿ ಗುರುಗಳೇ, ತಂದ ಬೆಲಿಗೇ ಮಾರಿದ್ರ ಅದಕ್ಕ ವ್ಯಾಪಾರ ಅಂತಾರೇನ್ರಿ?" ಎಂದು ಕಿರಾಣಿ ಅಂಗಡಿಯ ತರುಣನೊಬ್ಬನು ಕೇಳಿದನು.

ಪ್ರತಿವಾದಿಯು ಟ್ರ್ಯಾಕ್ಟರ್ ನಡೆಯಿಸುವವನು. ಅವನ ಉತ್ತರವೂ ತೂಕವುಳ್ಳದ್ದಾಗಿತ್ತು. "ಹನ್ನೊಂದು ಮಂದ್ಯಾಗ ನಾಲ್ಕು ಮಂದಿ ಪರದೇಶದವರಿಗೇ ಜಾಗಾ. ಡಿ ವಿಲಿಯರ್ಸ್‌ಗ ಅಂತೂ ಒಂದು ಜಾಗಾ ಇರಬೇಕು. ಕೀಪಿಂಗ್ ಮಾಡ್ಲಿಕ್ಕ ನಮ್ಮ ದೇಶದ ಪಾರ್ಥಿವ್ ಪಟೇಲ್ ಇದ್ದ. ಹಂಗಿದ್ದಾಗ ಇವನ್ನ ಏನು ಉಪ್ಪಿನಕಾಯಿ ಹಾಕಿ ಇಟ್ಕೋಬೇಕಿತ್ತೇನು?"

ಇನ್ನು ಪ್ರಮಾಣ. ಫಲವನ್ನು ಪ್ರಮಾಣವೆಂದು ಅಂಗೀಕರಿಸಿದರೆ ದೂರುದಾರನೇ ಗೆದ್ದನು. ಆದರೆ 2019ರ ಓಟಗಳು 2018ರ ಅಕ್ಟೋಬರದಲ್ಲಿ ಯಾರ ಕೈಯಲ್ಲಿಯೂ ಇರಲಿಲ್ಲವಷ್ಟೆ. ಅಂದು ತಿಳಿದಿದ್ದುದು ಇಷ್ಟೇ: ತಂಡದಲ್ಲಿ ಕೀಪರರು ಇಬ್ಬರು, ಇಬ್ಬರೂ ಎಡಗೈ ದಾಂಡಿಗರು, ಇಬ್ಬರೂ ಆರಂಭದಲ್ಲಿ ಆಡತಕ್ಕವರು, ಒಬ್ಬನು ಆಡಿದರೆ ಪರದೇಶದವರ ನಾಲ್ಕು ಸ್ಥಾನಗಳಲ್ಲಿ ಒಂದು ವೆಚ್ಚವಾಗುತ್ತದೆ, ಇನ್ನೊಬ್ಬನು ಆಡಿದರೆ ಅದು ಉಳಿಯುತ್ತದೆ. ಪಾರ್ಥಿವನು 2019ರಲ್ಲಿ 373 ಓಟಗಳನ್ನು ಮಾಡಿದನೆಂಬುದನ್ನು ನೆನೆದರೆ ಸ್ಥಾನವೇನೂ ಬರಿದಾಗಿರಲಿಲ್ಲವೆಂದು ತಿಳಿಯುತ್ತದೆ. ತಂಡದ ಸೋಲಿಗೆ ಹನ್ನೊಂದು ಜನರ ಹನ್ನೊಂದು ಕಾರಣಗಳಿರುವಾಗ ಎಲ್ಲವನ್ನೂ ಇಲ್ಲದವನೊಬ್ಬನ ತಲೆಗೆ ಕಟ್ಟುವುದು ತರ್ಕವಲ್ಲ.

ಮೀಮಾಂಸಾಶಾಸ್ತ್ರದಲ್ಲಿ ಪ್ರತಿನಿಧಿಯ ವಿಚಾರವೆಂದೇ ಒಂದು ಭಾಗವುಂಟು. ಯಾಗಕ್ಕೆ ವಿಹಿತವಾದ ವ್ರೀಹಿಯು, ಅಂದರೆ ಭತ್ತವು, ನಷ್ಟವಾದರೆ ಅದಕ್ಕೆ ಹೋಲುವ ನೀವಾರವೆಂಬ ಕಾಡುಭತ್ತವನ್ನು ತೆಗೆದುಕೊಳ್ಳಬಹುದು. ಸೋಮಲತೆಯು ದೊರೆಯದಿದ್ದರೆ ಪೂತೀಕವನ್ನು ಬಳಸಬಹುದು. ಆದರೆ ವ್ರೀಹಿಯು ಕೈಯಲ್ಲಿರುವಾಗ ನೀವಾರಕ್ಕೆ ಕೆಲಸವಿಲ್ಲ. ಈ ನ್ಯಾಯದಿಂದ ನೋಡಿದರೆ ಬೆಂಗಳೂರಿನವರು ಮಾಡಿದ್ದು ಅವಿವೇಕವಲ್ಲವೆಂದೇ ನಮ್ಮ ನಿರ್ಣಯವಾಯಿತು. ತರುಣರಲ್ಲಿ ಅರ್ಧಮಂದಿಗೆ ಸಂತೋಷವಾಯಿತು. ಉಳಿದ ಅರ್ಧಮಂದಿ ನಮಗೆ ಕ್ರಿಕೆಟ್ ತಿಳಿಯದೆಂದು ಗೊಣಗಿದರು.

ಅದೇ ಶಾಸ್ತ್ರವು ಇನ್ನೊಂದು ಮಾತನ್ನೂ ಹೇಳುತ್ತದೆ. ದ್ರವ್ಯಕ್ಕೆ ಪ್ರತಿನಿಧಿಯುಂಟು; ಯಾಗದ ಫಲವನ್ನು ಹೊಂದತಕ್ಕ ಯಜಮಾನನಿಗೆ ಪ್ರತಿನಿಧಿಯಿಲ್ಲ. ಅಷ್ಟು ಹೊತ್ತು ನಡೆದ ವಾದದಲ್ಲಿ ತಂಡಕ್ಕೆ ಲಾಭವಾಯಿತೋ ನಷ್ಟವಾಯಿತೋ ಎಂದು ಎಲ್ಲರೂ ಕೇಳಿದರು. ಡಿ ಕಾಕನಿಗೆ ಏನಾಯಿತೆಂದು ಒಬ್ಬನೂ ಕೇಳಲಿಲ್ಲ. ಇಲ್ಲಿ 8 ಪಂದ್ಯಗಳನ್ನು ಆಡಿದವನು ಅಲ್ಲಿ 16 ಪಂದ್ಯಗಳನ್ನು ಆಡಿದನು, ರೋಹಿತ್ ಶರ್ಮನೊಡನೆ ಇನ್ನಿಂಗ್ಸನ್ನು ಆರಂಭಿಸುವ ಸ್ಥಾನವನ್ನು ಪಡೆದನು. ತಂಡಕ್ಕೆ ಅವನು ನೀವಾರವಾಗಿದ್ದಿರಬಹುದು. ತನ್ನ ಬಾಳಿಗೆ ಅವನೇ ಯಜಮಾನನು.

ಇದನ್ನು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವು ನಮ್ಮ ಮನೆಯಲ್ಲಿಯೇ ಇದೆ. ನಮ್ಮ ತಮ್ಮನಿಗೆ ಇಬ್ಬರು ಗಂಡುಮಕ್ಕಳು. ಹಿರಿಯನು ಹೊಲವನ್ನು ನೋಡಿಕೊಳ್ಳುವವನು. ಕಿರಿಯನು ಯಂತ್ರದ ಕೆಲಸವನ್ನು ಕಲಿತು ಬಂದು ಎರಡು ವರ್ಷ ಮನೆಯಲ್ಲಿಯೇ ಇದ್ದನು. ಮಾಡುವುದಕ್ಕೆ ಕೆಲಸವು ಹೆಚ್ಚಾಗಿರಲಿಲ್ಲ; ಆದರೂ ತಂದೆಯು ಅವನನ್ನು ಹೊರಗೆ ಕಳುಹಲೊಲ್ಲನು. ಹೈದರಾಬಾದಿನಲ್ಲಿ ಪಂಪುಗಳನ್ನು ದುರಸ್ತಿ ಮಾಡುವ ಕಾರಖಾನೆಯೊಂದರಲ್ಲಿ ಕೆಲಸವು ದೊರೆತಾಗ ತಮ್ಮನು ನಮ್ಮಲ್ಲಿಗೆ ಬಂದು, "ಅಣ್ಣಾ, ಹಿರೇವಗ ಏನರ ಆದ್ರ ಹೊಲಾ ನೋಡೋರು ಯಾರು? ಮನ್ಯಾಗ ಇನ್ನೊಬ್ಬ ಇರಬೇಕು" ಎಂದನು.

ಮಾತು ಸುಳ್ಳಲ್ಲ. ಒಕ್ಕಲುತನದ ಮನೆಯಲ್ಲಿ ಒಂದು ಜೀವವನ್ನು ನಂಬಿ ಕುಳಿತುಕೊಳ್ಳುವುದು ಎಷ್ಟು ಭಯದ ಸಂಗತಿಯೆಂಬುದು ವಾಚಕರಿಗೆ ತಿಳಿಯದುದಲ್ಲ. ಆದರೂ ನಾವು ಹುಡುಗನನ್ನು ಏಕಾಂತದಲ್ಲಿ ಕರೆದು ಅವನ ಅಭಿಪ್ರಾಯವನ್ನು ವಿಚಾರಿಸಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದು ಕಡೆಗೆ, "ದೊಡ್ಡಪ್ಪಾ, ನಾ ಇಲ್ಲಿ ಕುಂತ್ರ ಅಣ್ಣಗ ಏನರ ಆಗ್ಲಿ ಅಂತ ಕಾಯ್ದಂಗ ಆಗ್ಯದ" ಎಂದನು.

ಆ ಮಾತನ್ನು ಕೇಳಿದ ಮೇಲೆ ನಮಗೆ ಶಾಸ್ತ್ರವಿಚಾರವು ಬೇಕಾಗಲಿಲ್ಲ. ಅಣ್ಣನ ಕೇಡಿನ ದಿನಕ್ಕಾಗಿ ತಮ್ಮನನ್ನು ಕಾಯಿಸುವುದು ಇಬ್ಬರಿಗೂ ಒಳ್ಳೆಯದಲ್ಲವೆಂದು ಹೇಳಿ, ಕಳುಹಿಸೆಂದು ತಮ್ಮನಿಗೆ ಬುದ್ಧಿವಾದವನ್ನು ಹೇಳಿದೆವು. ಹುಡುಗನು ಹೋದನು.

ಮರುವರ್ಷ ತೊಗರಿಯ ಕೊಯ್ಲಿನ ಹೊತ್ತಿಗೆ ಸರಿಯಾಗಿ ಹಿರಿಯನು ಜ್ವರದಿಂದ ಮೂರು ವಾರ ಮಲಗಿದನು. ಆಳುಗಳು ಹೊತ್ತಿಗೆ ಸಿಕ್ಕಲಿಲ್ಲ; ಒಣಗಿದ ಕಾಯಿಗಳು ಹೊಲದಲ್ಲಿಯೇ ಸಿಡಿದು ಕಾಳು ಉದುರಿತು. ಊರಿನವರು ತಮ್ಮನನ್ನು ಕಂಡಲ್ಲೆಲ್ಲ, "ನಾವು ಹೇಳಿದ್ದಿಲ್ಲೇನು?" ಎಂದರು. ನಾವು ಅವನಿಗೆ ಡಿ ಕಾಕನ ವ್ಯಾಜ್ಯವನ್ನು ವಿವರಿಸಿ, ನಿರ್ಧಾರವನ್ನು ಅಂದು ತಿಳಿದಿದ್ದುದರಿಂದ ಅಳೆಯಬೇಕಲ್ಲದೆ ಇಂದಿನ ಫಲದಿಂದ ಅಳೆಯಕೂಡದೆಂದು ಸಮಾಧಾನ ಹೇಳಿದೆವು. ಅವನು ಸಾವಕಾಶವಾಗಿ ಎಲ್ಲವನ್ನೂ ಕೇಳಿ, "ನಿಮ್ಮ ಲೆಕ್ಕಾ ಬರೋಬ್ಬರಿ ಅದ ಅಣ್ಣಾ, ಚೀಲಾ ಕಡಿಮಿ ಆಗ್ಯಾವ" ಎಂದನು. ನಷ್ಟವನ್ನು ತರ್ಕದಿಂದ ತುಂಬಲು ಬರುವುದಿಲ್ಲ. ಅಂದಿನ ನಿರ್ಧಾರವು ಸರಿ. ಅದಕ್ಕೆ ತೆತ್ತ ಬೆಲೆಯೂ ನಿಜವೇ. ಇವೆರಡನ್ನೂ ಒಟ್ಟಿಗೆ ಹೊರುವುದೇ ಗೃಹಸ್ಥನ ಪಾಡು.

ಹಾಗಾದರೆ ಪ್ರತಿನಿಧಿಯೇ ಬೇಡವೆಂದು ನಮ್ಮ ಅಭಿಪ್ರಾಯವೇ? ಹಾಗಲ್ಲ. ಇದಕ್ಕೆ ಆ ತಂಡದಲ್ಲಿಯೇ ಉದಾಹರಣೆಯು ದೊರೆಯುತ್ತದೆ. ನಮ್ಮ ಕರ್ನಾಟಕದ ಮಯಂಕ್ ಅಗರವಾಲನನ್ನು 2024ರ ನವೆಂಬರದ ಹರಾಜಿನಲ್ಲಿ ಯಾವ ತಂಡದವರೂ ಕೊಳ್ಳಲಿಲ್ಲ. 2025ರ ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲನಿಗೆ ತೊಡೆಯ ಸ್ನಾಯುವು ನೊಂದಾಗ ಬೆಂಗಳೂರಿನವರು ಮಯಂಕನನ್ನು ಕರೆಯಿಸಿಕೊಂಡರು. ಮೇ 27ರಂದು ಲಖನೌದಲ್ಲಿ 228 ಓಟಗಳ ಗುರಿಯನ್ನು ಬೆನ್ನಟ್ಟುವಾಗ ಜಿತೇಶ್ ಶರ್ಮನು 33 ಎಸೆತಗಳಲ್ಲಿ 85 ಓಟಗಳನ್ನು ಹೊಡೆದನು; ಇನ್ನೊಂದು ತುದಿಯಲ್ಲಿ 41 ಓಟಗಳೊಡನೆ ಕೊನೆಯ ವರೆಗೂ ನಿಂತವನು ಆ ಕರೆದು ತಂದವನೇ. ಇಬ್ಬರೂ ಮುರಿಯದೆ 107 ಓಟಗಳನ್ನು ಕೂಡಿಸಿ ಗೆಲಿಸಿದರು. ಒಂದು ವಾರದ ತರುವಾಯ ಕಪ್ಪು ಬಂದಿತು.

ಪ್ರತಿನಿಧಿಯು ಬೇಕು, ಕಟ್ಟಿಹಾಕಿದ ಪ್ರತಿನಿಧಿಯಲ್ಲ, ಕರೆದರೆ ಬರುವ ಪ್ರತಿನಿಧಿಯು ಬೇಕು. ಕರೆದಾಗ ಬರಬೇಕಾದರೆ ಮೊದಲು ಸಂತೋಷದಿಂದ ಕಳುಹಿಸಿರಬೇಕು. ಅದರ ಮುಂದಿನ ವರ್ಷ ನಮ್ಮ ತಮ್ಮನು ಕೊಯ್ಲಿಗೆ ಹತ್ತು ದಿನ ಮೊದಲೇ ಆಳುಗಳಿಗೆ ಮುಂಗಡವನ್ನು ಕೊಟ್ಟನು, ಕಿರಿಯ ಮಗನಿಗೂ ಫೋನು ಮಾಡಿದನು. ಹುಡುಗನು ರಜೆಯನ್ನು ಪಡೆದು ಬಂದು ಅಣ್ಣನೊಡನೆ ಕೊಯ್ದು, ರಾಶಿಯಾಗುವ ತನಕ ಇದ್ದು, ತಾಯಿ ಕಟ್ಟಿಕೊಟ್ಟ ಜೋಳದ ರೊಟ್ಟಿಯ ಗಂಟಿನೊಡನೆ ಹಿಂದಿರುಗಿದನು. ಅವನ ಕುಡುಗೋಲು ಈಗಲೂ ನಡುಮನೆಯ ಗೂಟದಲ್ಲಿ ತೂಗುತ್ತಿದೆ. ಕಾಯುವ ಕೆಲಸವನ್ನು ಕುಡುಗೋಲಿಗೆ ಒಪ್ಪಿಸಬಹುದು, ಮಗನಿಗೆ ಒಪ್ಪಿಸಬಾರದು.